ಅಂಗಳ ಬಿಟ್ಟು ಬಂದ ಮಕ್ಕಳಿಗೆ ಮಾಲೇ ಅಂಗಳ

ಊರಿನಿಂದ ಫೋನ್ ಮಾಡುವವರು ಸಲಾಂ ಹೇಳಿ, ಆರೋಗ್ಯ ವಿಚಾರಿಸಿ, ಮೂರನೆಯದಾಗಿ ಕೇಳುವ ಪ್ರಶ್ನೆ ಒಂದೇ: "ದುಬೈ ಮಾಲ್ ನೋಡಿದ್ರಾ?" ಮನೆ ಸಿಕ್ಕಿತಾ, ಮಕ್ಕಳಿಗೆ ಶಾಲೆ ಆಯಿತಾ, ನೀರು ಒಗ್ಗಿತಾ ಎಂಬುದೆಲ್ಲ ಆಮೇಲೆ. ಬಂಟ್ವಾಳ ತಾಲೂಕಿನ ಹಳ್ಳಿಯಿಂದ ಇಬ್ಬರು ಮಕ್ಕಳನ್ನು ಕರೆದುಕೊಂಡು ನಾವು ಶಾರ್ಜಾದಲ್ಲಿ ಬಂದಿಳಿದ ಮೊದಲ ವಾರದಲ್ಲಿ ಈ ಪ್ರಶ್ನೆ ಎಷ್ಟು ಮಂದಿ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಆಗಿನ್ನೂ ಸೂಟ್‌ಕೇಸ್ ಪೂರ್ತಿ ಖಾಲಿ ಮಾಡಿರಲಿಲ್ಲ.

ಈಗ ಬಂದು ವರ್ಷ ತುಂಬುತ್ತಾ ಬಂತು. ಈ ರಜೆಯಲ್ಲೂ ನಮ್ಮೂರ ಕಡೆಯಿಂದ ಎಷ್ಟೋ ಮನೆಯವರು ಮಕ್ಕಳ ಪಾಸ್‌ಪೋರ್ಟ್ ಹಿಡಿದುಕೊಂಡು ಹೊರಡುವವರಿದ್ದಾರೆ. ಅವರಿಗೆ ಉಪಕಾರವಾದರೆ ಆಗಲಿ ಎಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ. ಇದರಲ್ಲಿ ನಮ್ಮ ಅಜಾಗರೂಕತೆಯಿಂದ ಜೀವ ಬಾಯಿಗೆ ಬಂದ ಒಂದು ಸಂಜೆಯ ಕತೆಯೂ ಇದೆ. ನಾಚಿಕೆಯಾದರೂ ಅದನ್ನು ಮುಚ್ಚಿಡುವುದಿಲ್ಲ.

ಆರನೇ ಮಹಡಿಯ ಮನೆ

ನಮ್ಮವರು ಏಳು ವರ್ಷ ದೇರಾದಲ್ಲಿ ಬ್ಯಾಚುಲರ್ ರೂಮಿನಲ್ಲಿ ಇದ್ದವರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ಮಕ್ಕಳು ಸಲುಗೆಯಿಂದ ಹತ್ತಿರ ಬರುವಷ್ಟರಲ್ಲಿ ವಾಪಸ್ ಹೊರಡುವವರು. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ಸಂಬಳ ಕನಿಷ್ಠ 4000 ದಿರ್ಹಂ ಇರಬೇಕು, ಇಲ್ಲವೇ 3000 ದಿರ್ಹಂ ಸಂಬಳದ ಜೊತೆ ಕಂಪೆನಿಯೇ ಮನೆ ಕೊಡಬೇಕು. ಆ ಗೆರೆ ದಾಟಲಿಕ್ಕೆ ನಮ್ಮವರಿಗೆ ಅಷ್ಟು ವರ್ಷ ಬೇಕಾಯಿತು. ಅಷ್ಟರಲ್ಲಿ ದೊಡ್ಡವನಿಗೆ ಎಂಟು, ಚಿಕ್ಕವಳಿಗೆ ನಾಲ್ಕೂವರೆ.

ಊರಿನ ಮನೆಯಲ್ಲಿ ಅಂಗಳ ಇತ್ತು. ಬೇಸಗೆಯಲ್ಲಿ ಅಡಿಕೆ ಒಣಗುವ ಅಂಗಳ. ಮಳೆ ಬಂದರೆ ಜಗಲಿ. ಮಕ್ಕಳು ಬೆಳಗ್ಗೆ ಹೊರಗೆ ಬಿದ್ದರೆ ಊಟಕ್ಕೆ ಕೂಗಿ ಕರೆಯಬೇಕಿತ್ತು. ಇಲ್ಲಿ ಅಲ್ ನಹ್ದಾದಲ್ಲಿ ಆರನೇ ಮಹಡಿ, ಒಂದು ಬೆಡ್‌ರೂಂ, ಒಂದು ಹಾಲ್. ನಾವು ಬಂದದ್ದು ಮೇ ಕೊನೆಗೆ. ಊರಲ್ಲಿ ಮೊದಲ ಮಳೆಯ ಮಣ್ಣಿನ ವಾಸನೆ ಬರುವ ಹೊತ್ತಿಗೆ ಇಲ್ಲಿ ಕಿಟಕಿಯ ಗಾಜು ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಬಾಲ್ಕನಿಯ ಬಾಗಿಲು ತೆಗೆಯುವ ಹಾಗೇ ಇಲ್ಲ. ಮಕ್ಕಳು ಹಾಲ್‌ನಿಂದ ಬೆಡ್‌ರೂಮಿಗೆ, ಬೆಡ್‌ರೂಮಿನಿಂದ ಹಾಲ್‌ಗೆ ಓಡಿದ್ದೇ ಓಡಿದ್ದು. ನಾಲ್ಕನೇ ದಿನ ಕೆಳಗಿನ ಫ್ಲ್ಯಾಟ್‌ನವರು ಬಂದು ಬಾಗಿಲು ತಟ್ಟಿದರು. ಅವರು ಹೇಳಿದ್ದು ಮರ್ಯಾದೆಯಲ್ಲೇ. ಆದರೆ ಎಂಟು ವರ್ಷದ ಹುಡುಗನಿಗೆ "ಮನೆಯೊಳಗೆ ಮೆಲ್ಲ ನಡಿ" ಎಂದು ಹೇಳಬೇಕಾಗಿ ಬಂದದ್ದು ನಮ್ಮ ಜೀವನದಲ್ಲಿ ಅದೇ ಮೊದಲು.

ಪಕ್ಕದ ಮನೆಯ ಕಾಸರಗೋಡಿನ ಇತ್ತ ಹದಿನಾಲ್ಕು ವರ್ಷದಿಂದ ಇಲ್ಲಿರುವವರು. ನಮ್ಮ ಮುಖ ನೋಡಿ ಅವರೇ ಹೇಳಿದರು: "ಮಕ್ಕಳನ್ನು ಕೂಡಿ ಹಾಕಿದ್ರೆ ಆಗ್ಲಿಕ್ಕಿಲ್ಲ. ಸೆಪ್ಟೆಂಬರ್ ಮುಗಿಯುವವರೆಗೆ ಇಲ್ಲಿ ಅಂಗಳ ಅಂದ್ರೆ ಮಾಲೇ. ದಿನಾ ಸಂಜೆ ಕರ್ಕೊಂಡು ಹೋಗಿ, ನಡೆಸಿ, ಕರ್ಕೊಂಡು ಬನ್ನಿ. ತಗೊಳ್ಳಲೇಬೇಕು ಅಂತ ಎಂತ ಇಲ್ಲ."

ಆ ಕೊನೆಯ ಮಾತು ನಮಗೆ ಅರ್ಥವಾಗಲಿಕ್ಕೆ ಎರಡು ತಿಂಗಳು ಹಿಡಿಯಿತು.

ಊರಿನ ಮಾಲ್ ಬೇರೆ, ಇಲ್ಲಿನದು ಬೇರೆ

ಮಂಗಳೂರಿನಲ್ಲಿ ನಮಗೆ ಮಾಲ್ ಎಂದರೆ ವರ್ಷಕ್ಕೆ ಎರಡು ಸಲ. ಪೆರ್ನಾಲ್ ಬಟ್ಟೆಗೆ ಸಿಟಿ ಸೆಂಟರ್‌ಗೋ ಪಾಂಡೇಶ್ವರದ ಫಿಝಾ ಮಾಲ್‌ಗೋ ಹೋಗಿ, ಮಕ್ಕಳಿಗೆ ಒಂದು ಐಸ್‌ಕ್ರೀಂ ಕೊಡಿಸಿ, ಬಸ್ ತಪ್ಪುವ ಮೊದಲು ಸ್ಟೇಟ್‌ಬ್ಯಾಂಕ್‌ಗೆ ಓಡುವುದು. ಹಾಗಾಗಿ ಮಾಲ್‌ಗೆ ಹೋದರೆ ಏನಾದರೂ ತೆಗೆದುಕೊಂಡೇ ಬರಬೇಕು ಎಂಬುದು ಮಕ್ಕಳ ತಲೆಯಲ್ಲೂ ಇತ್ತು, ನಮ್ಮ ತಲೆಯಲ್ಲೂ ಇತ್ತು.

ಇಲ್ಲಿ ಹಾಗಲ್ಲ. ದೇರಾದ ಅಲ್ ಘುರೈರ್ ಸೆಂಟರ್ 1981ರಲ್ಲೇ ಶುರುವಾದದ್ದು, ದುಬೈಯ ಮೊದಲ ಮಾಲ್ ಎಂದು ಹೆಸರಾದದ್ದು. 1995ರಲ್ಲಿ ದೇರಾ ಸಿಟಿ ಸೆಂಟರ್, 2002ರಲ್ಲಿ ನಮ್ಮ ಮನೆ ಹತ್ತಿರದ ಸಹಾರಾ ಸೆಂಟರ್, 2005ರಲ್ಲಿ ಮಾಲ್ ಆಫ್ ದಿ ಎಮಿರೇಟ್ಸ್, 2008ರ ನವೆಂಬರ್‌ನಲ್ಲಿ ದುಬೈ ಮಾಲ್ ಬಂತು. ಮೊದಲ ತಲೆಮಾರಿನ ನಮ್ಮವರು ಊರಿಗೆ ಹೊತ್ತು ತಂದ ಕಂಬಳಿ, ಟೇಪ್‌ರೆಕಾರ್ಡರ್, ಟಾರ್ಚ್, ಅತ್ತರಿನ ಬಾಟಲಿ ದೇರಾ ಮತ್ತು ಬರ್‌ದುಬೈಯ ಅಂಗಡಿ ಸಾಲಿನವು. ಆ ಸಾಲುಗಳು ಈಗಲೂ ಇವೆ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಹೊರಗೆ ಕಾಲಿಡಲು ಆಗದ ಊರಿನಲ್ಲಿ ಮನೆಮಂದಿ ಎಲ್ಲ ಸೇರಿ ನಡೆಯಬೇಕಾದರೆ ಜಾಗ ಎಲ್ಲಿ? ಇಲ್ಲಿ ಬೆಳಗ್ಗೆ ಮಾಲ್‌ನೊಳಗೆ ವಾಕಿಂಗ್ ಮಾಡುವ ವಯಸ್ಸಾದವರಿದ್ದಾರೆ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಸುತ್ತುವ ತಾಯಂದಿರಿದ್ದಾರೆ. ಬಾಂಗ್ ಆದರೆ ಒಳಗೇ ಕೇಳಿಸುತ್ತದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ನಮಾಜಿನ ಕೋಣೆ, ವುಝೂ ಮಾಡುವ ಜಾಗ ಎಲ್ಲ ಉಂಟು. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಇದು ಸಣ್ಣ ಸಮಾಧಾನ ಅಲ್ಲ.

"ಏಳು ವರ್ಷ ಕೊಡಿಸ್ಲಿಲ್ಲ ಅಲ್ವಾ"

ಮೊದಲ ಸಂಜೆ ಚಿಕ್ಕವಳು ಎಸ್ಕಲೇಟರ್ ಹತ್ತಲೇ ಇಲ್ಲ. ಹಲ್ಲು ಉಂಟು, ಕಾಲು ಕಚ್ಚುತ್ತದೆ ಎಂದು ಅತ್ತಳು. ಅವಳ ಉಪ್ಪ ಎತ್ತಿಕೊಂಡರು. ಅದುವರೆಗೆ ಅವಳು ಅವರ ಹತ್ತಿರ ಸರಿಯಾಗಿ ಹೋಗಿರಲಿಲ್ಲ. ಅವಳಿಗೆ ಉಪ್ಪ ಎಂದರೆ ರಾತ್ರಿ ಫೋನಿನಲ್ಲಿ ಬರುವ ಮುಖ. ಆ ದಿನ ಎಸ್ಕಲೇಟರ್‌ನ ಹೆದರಿಕೆಗೆ ಅವರ ಕುತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡಳು. ಮೇಲೆ ಹೋದ ಮೇಲೂ ಬಿಡಲಿಲ್ಲ.

ಅಲ್ಲಿಂದ ಶುರುವಾಯಿತು. ಅವಳು ಬೆರಳು ತೋರಿಸಿದ್ದೆಲ್ಲ ಅವರು ಕೊಡಿಸಿದರು. ಗೊಂಬೆ, ಲೈಟ್ ಹೊತ್ತಿಕೊಳ್ಳುವ ಶೂ, ಮಗನಿಗೆ ರಿಮೋಟ್ ಕಾರು, ಆಟದ ಜಾಗದಲ್ಲಿ ದುಡ್ಡು ತುಂಬಿಸಿದ ಕಾರ್ಡು. ಆ ಕಾರ್ಡಿನಲ್ಲಿ ದುಡ್ಡು ಹೋಗುವುದು ಕಣ್ಣಿಗೇ ಕಾಣುವುದಿಲ್ಲ. ಮಿಶಿನಿಗೆ ಒಮ್ಮೆ ತಾಗಿಸಿದರೆ ಟಿಂಗ್ ಎನ್ನುತ್ತದೆ, ಅಷ್ಟೆ. ಮನೆಗೆ ಬಂದು ಬಿಲ್ಲುಗಳನ್ನೆಲ್ಲ ಕೂಡಿಸಿದಾಗ 340 ದಿರ್ಹಂ. ಹೊಸಬರಾದ ನಮಗೆ ಎಲ್ಲವನ್ನೂ ರೂಪಾಯಿಗೆ ತಿರುಗಿಸುವ ಚಟ. ಲೆಕ್ಕ ಸುಲಭವಾಗಲಿ ಎಂದು ಇಪ್ಪತ್ತರಿಂದ ಗುಣಿಸಿದರೂ ಏಳು ಸಾವಿರದ ಹತ್ತಿರ ಬರುತ್ತದೆ. ಹದಿನೆಂಟು ದಿರ್ಹಂನ ಒಂದು ಐಸ್‌ಕ್ರೀಮಿಗೆ ಊರಲ್ಲಿ ಮನೆಮಂದಿಯೆಲ್ಲ ಕೂತು ಗಡ್‌ಬಡ್ ತಿನ್ನಬಹುದು.

"ಇಷ್ಟೆಲ್ಲ ಬೇಕಿತ್ತಾ?" ಎಂದು ಕೇಳಿದೆವು. ಅವರು ತಲೆ ಎತ್ತಲಿಲ್ಲ. "ಏಳು ವರ್ಷ ಎಂತದೂ ಕೊಡಿಸ್ಲಿಲ್ಲ ಅಲ್ವಾ," ಎಂದರು.

ಆ ಮಾತಿಗೆ ಎದುರು ಹೇಳಲು ಬಾಯಿ ಬರಲಿಲ್ಲ. ಹಾಗೆಂದು ಸುಮ್ಮನಿದ್ದದ್ದೂ ತಪ್ಪಾಯಿತು. ಎರಡು ವಾರದಲ್ಲಿ ಮಕ್ಕಳು ಕಲಿತುಬಿಟ್ಟರು: ಮನೆಯಲ್ಲಿ ಉಪ್ಪ "ನಾಳೆ ನೋಡುವ" ಅನ್ನುತ್ತಾರೆ, ಮಾಲ್‌ನಲ್ಲಿ "ಇಲ್ಲ" ಅನ್ನುವುದಿಲ್ಲ. ಚಿಕ್ಕವಳು ಅವರನ್ನು ಮನೆಯಲ್ಲಿ ಅಷ್ಟಾಗಿ ಮಾತನಾಡಿಸುತ್ತಿರಲಿಲ್ಲ, ಮಾಲ್‌ನ ಬಾಗಿಲು ಕಂಡ ಕೂಡಲೇ ಹೋಗಿ ಕೈ ಹಿಡಿಯುತ್ತಿದ್ದಳು. ಅದನ್ನು ಅವರೂ ನೋಡಿದರು, ನಾವೂ ನೋಡಿದೆವು. ಇಬ್ಬರೂ ಬಾಯಿ ಬಿಡಲಿಲ್ಲ. ಜೂನ್ ಕೊನೆಗೆ ಊರಿಗೆ ಕಳಿಸುವ ದುಡ್ಡಿನಲ್ಲಿ ಮೊದಲ ಬಾರಿ ಕಡಿಮೆಯಾಯಿತು.

ಆ ಸಂಜೆ

ಇನ್ನು ಆ ಕತೆ. ಜುಲೈ ತಿಂಗಳ ಒಂದು ಶನಿವಾರ, ಮನೆಯಿಂದ ದೂರವಲ್ಲದ ಒಂದು ಮಾಲ್. ಜನ ಕಾಲಿಡಲು ಜಾಗವಿಲ್ಲದಷ್ಟು. ಮಗ್ರಿಬ್ ಬಾಂಗ್ ಆಯಿತು. ಮಗನನ್ನು ಅವರು ಕರೆದುಕೊಂಡು ಗಂಡಸರ ಕಡೆ ಹೋದರು, ಮಗಳ ಜೊತೆ ನಾವು ಹೆಂಗಸರ ಕಡೆ. "ಹೊರಗೆ ಸಿಗುವ" ಎಂದಷ್ಟೇ ಮಾತು. ಹೊರಗೆ ಎಂದರೆ ಎಲ್ಲಿ ಎಂದು ಯಾರೂ ಹೇಳಲಿಲ್ಲ.

ಮಗ ಫರ್ಳ್ ಮುಗಿಸಿದವನೇ "ಉಮ್ಮನ ಹತ್ರ ಹೋಗ್ತೇನೆ" ಎಂದು ಉಪ್ಪನಿಗೆ ಸನ್ನೆ ಮಾಡಿ ಎದ್ದ. ಅವರು ಸುನ್ನತ್‌ಗೆ ನಿಂತರು. ನಾವು ಹೊರಗೆ ಬಂದಾಗ ಮಗ ಅವರ ಜೊತೆ ಇದ್ದಾನೆ ಎಂದುಕೊಂಡೆವು. ಅವರು ಬಂದಾಗ "ಎಲ್ಲಿ ಅವನು?" ಎಂದು ನಾವು ಕೇಳಿದೆವು, ಅವರೂ ಅದನ್ನೇ ಕೇಳಿದರು. ಆ ಕ್ಷಣದಲ್ಲಿ ಕಾಲಿನ ಕೆಳಗಿನ ನೆಲ ಜಾರಿದ ಹಾಗಾಯಿತು.

ಅವರು ಒಂದು ಕಡೆ ಓಡಿದರು. ಮಗಳನ್ನು ಎತ್ತಿಕೊಂಡು ಸ್ವಲಾತ್ ಹೇಳುತ್ತಾ ನಾವು ಇನ್ನೊಂದು ಕಡೆ. ಎಲ್ಲ ಮಹಡಿಯೂ ಒಂದೇ ಥರ, ಎಲ್ಲ ಅಂಗಡಿಯ ಲೈಟೂ ಒಂದೇ ಥರ. ನೀಲಿ ಅಂಗಿಯ ಹುಡುಗ ಎಂದು ಕೇಳಿದರೆ ಕಂಡದ್ದೆಲ್ಲ ನೀಲಿ ಅಂಗಿಯೇ. ಇಪ್ಪತ್ತು ನಿಮಿಷ ಕಳೆದಿರಬೇಕು. ನಮ್ಮವರ ಮೊಬೈಲ್ ಬೋಟಿಮ್‌ನಲ್ಲಿ ರಿಂಗ್ ಆಯಿತು. ಬಂಟ್ವಾಳದಿಂದ, ಅವರ ಉಮ್ಮ.

"ಮಗು ಅಲ್ಲಿ ಕೌಂಟರ್‌ನಲ್ಲಿ ಕೂತು ಅಳ್ತಾ ಉಂಟು. ನೀವಿಬ್ಬರು ಎಲ್ಲಿ ಸತ್ತಿದ್ದೀರಿ?"

ಆದದ್ದು ಇಷ್ಟು. ಮಗ ನಮಾಜಿನ ಕೋಣೆಯ ಓಣಿಯಿಂದ ಹೊರಬಂದು ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿದ್ದ. ಲಿಫ್ಟ್‌ನ ಹತ್ತಿರ ಅಳುತ್ತಾ ನಿಂತಿದ್ದವನನ್ನು ನೆಲ ಒರೆಸುವ ಒಬ್ಬ ಕೆಲಸಗಾರ ನೋಡಿ ಕೌಂಟರ್‌ಗೆ ಕರೆದೊಯ್ದ. ಅಲ್ಲಿ ಇಂಗ್ಲಿಷ್‌ನಲ್ಲಿ ಕೇಳಿದರು, ಹಿಂದಿಯಲ್ಲಿ ಕೇಳಿದರು. ಇವನಿಂದ ಮಾತೇ ಇಲ್ಲ. ಆಮೇಲೆ ಯಾರೋ ಮಲಯಾಳದಲ್ಲಿ ಕೇಳಿದರು. ಇವನು ಬ್ಯಾರಿಯಲ್ಲಿ ಉತ್ತರ ಕೊಟ್ಟ. ಅವರಿಗೆ ಅರ್ಥವಾಯಿತು. ಉಪ್ಪನ ನಂಬರ್ ಹೇಳು ಎಂದಾಗ ಇವನಿಗೆ ಇಲ್ಲಿನ ನಂಬರ್ ಗೊತ್ತಿರಲಿಲ್ಲ. ಬಂದು ಒಂದೂವರೆ ತಿಂಗಳಾದರೂ ನಾವು ಕಲಿಸಿರಲಿಲ್ಲ. ಅವನಿಗೆ ಬಾಯಿಪಾಠ ಇದ್ದದ್ದು ಒಂದೇ ನಂಬರ್, ಊರಿನ ಅಜ್ಜಿಯದ್ದು. ಏಳು ವರ್ಷ ಉಪ್ಪ ದಿನಾ ರಾತ್ರಿ ಫೋನ್ ಮಾಡುತ್ತಿದ್ದದ್ದು ಅದಕ್ಕೇ ಅಲ್ಲವೇ. ಆ ಮಲಯಾಳಿ ಹುಡುಗ ತನ್ನ ಸ್ವಂತ ಮೊಬೈಲಿನಿಂದ, ತನ್ನ ಬ್ಯಾಲೆನ್ಸ್‌ನಿಂದ ಊರಿಗೆ ಫೋನ್ ಹಚ್ಚಿದ. ಊರಲ್ಲಿ ಆಗ ಗಂಟೆ ಒಂಬತ್ತರ ಹತ್ತಿರ. ಅಜ್ಜಿ ಇಶಾ ಮುಗಿಸಿ ಮಲಗುವ ತಯಾರಿಯಲ್ಲಿದ್ದವರು.

ನಮ್ಮಿಂದ ಇನ್ನೂರು ಮೀಟರ್ ದೂರದಲ್ಲಿದ್ದ ಮಗನ ಸುದ್ದಿ ಬಂಟ್ವಾಳಕ್ಕೆ ಹೋಗಿ, ಅಲ್ಲಿಂದ ನಮಗೆ ಬಂತು. ಅಲ್ಹಮ್ದುಲಿಲ್ಲಾಹ್, ಸಿಕ್ಕಿದ. ಅವನ ಉಪ್ಪ ಬಗ್ಗಿ ಅವನನ್ನು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆ ಮಲಯಾಳಿ ಹುಡುಗನಿಗೆ ಫೋನಿನ ಖರ್ಚು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನನಗೂ ಊರಲ್ಲಿ ಮಕ್ಕಳಿದ್ದಾರೆ" ಎಂದ. ನೆಲ ಒರೆಸುತ್ತಿದ್ದ ಕೆಲಸಗಾರನನ್ನು ಹುಡುಕಿದೆವು, ಅವನ ಪಾಳಿ ಮುಗಿದು ಹೋಗಿಯಾಗಿತ್ತು.

ಹೊರಡುವವರು ಊರಲ್ಲೇ ಕಲಿಸಬೇಕಾದದ್ದು

ಆ ರಾತ್ರಿ ಮನೆಯಲ್ಲಿ ಕೂತು ನಾವೇ ಮಾಡಿಕೊಂಡ ಕೆಲವು ಕಟ್ಟುಪಾಡುಗಳಿವೆ. ಅಂದಿನಿಂದ ಇಂದಿನವರೆಗೆ ತಪ್ಪಿಸಿಲ್ಲ.

ಒಂದು: ಮಕ್ಕಳಿಗೆ ಉಪ್ಪನ ಇಲ್ಲಿನ ಮೊಬೈಲ್ ನಂಬರ್ ವಿಮಾನ ಹತ್ತುವ ಮೊದಲೇ ಬಾಯಿಪಾಠ ಆಗಬೇಕು. 05ರಿಂದ ಶುರುವಾಗುವ ಹತ್ತು ಅಂಕಿ. ದಿಕ್ರ್, ಸೂರಾ ಕಲಿಸುವ ಹಾಗೆ ದಿನಾ ಒಮ್ಮೆ ಹೇಳಿಸಿದರೆ ವಾರದಲ್ಲಿ ಬರುತ್ತದೆ. ಬಾಯಿಪಾಠ ಮಾಡಲಾಗದಷ್ಟು ಸಣ್ಣ ಮಕ್ಕಳಾದರೆ ನಂಬರ್ ಬರೆದ ಚೀಟಿ ಕಿಸೆಯಲ್ಲಿರಲಿ, ಇಲ್ಲವೇ ಕೈಗೆ ಕಟ್ಟುವ ಪಟ್ಟಿಯ ಒಳಬದಿಯಲ್ಲಿರಲಿ.

ಎರಡು: ಮಾಲ್‌ನ ಬಾಗಿಲಲ್ಲೇ ಮಕ್ಕಳ ಒಂದು ಫೋಟೋ ತೆಗೆಯಿರಿ. ಗಾಬರಿಯಾದಾಗ ಮಗುವಿನ ಅಂಗಿಯ ಬಣ್ಣವೂ ನೆನಪಿಗೆ ಬರುವುದಿಲ್ಲ.

ಮೂರು: ಒಳಗೆ ಕಾಲಿಟ್ಟ ಕೂಡಲೇ ಒಂದು ಜಾಗ ತೋರಿಸಿ, "ತಪ್ಪಿದರೆ ಇಲ್ಲಿ ಬಂದು ನಿಲ್ಲು, ಅಲ್ಲಾಡಬೇಡ" ಎಂದು ಹೇಳಬೇಕು. ಸಣ್ಣ ಮಕ್ಕಳಿಗಾದರೆ ಇದ್ದಲ್ಲೇ ನಿಲ್ಲು ಎಂದು ಹೇಳಿದರೆ ಸಾಕು. ಹುಡುಕುವವರೂ ಓಡಿ, ಮಗುವೂ ಓಡಿದರೆ ಸಿಗುವುದಿಲ್ಲ.

ನಾಲ್ಕು: ಸಮವಸ್ತ್ರ ಹಾಕಿದವರ ಹತ್ತಿರ, ಅಂಗಡಿಯ ಕೌಂಟರ್‌ನವರ ಹತ್ತಿರ ಹೋಗಲು ಕಲಿಸಿ. "ಐ ಆಮ್ ಲಾಸ್ಟ್, ಪ್ಲೀಸ್ ಕಾಲ್ ಮೈ ಫಾದರ್" ಎಂಬಷ್ಟು ಇಂಗ್ಲಿಷ್ ಸಾಕು. ಅಷ್ಟೂ ಬಾರದಿದ್ದರೆ ಬ್ಯಾರಿಯಲ್ಲೇ ಮಾತಾಡಲಿ. ಗಲ್ಫ್‌ನಲ್ಲಿ ನಮ್ಮ ಮಾತು ಅರ್ಥವಾಗುವ ಒಬ್ಬ ಮಲಯಾಳಿ ಎಲ್ಲಾದರೂ ಇದ್ದೇ ಇರುತ್ತಾನೆ. ಮಾಲ್‌ನವರಿಂದ ಸಿಗದಿದ್ದರೆ ಪೊಲೀಸರ ನಂಬರ್ 999.

ಐದು, ಎಲ್ಲಕ್ಕಿಂತ ಮುಖ್ಯವಾದದ್ದು: ಮಗುವನ್ನು ಒಬ್ಬರು ಇನ್ನೊಬ್ಬರಿಗೆ ಬಾಯಿಬಿಟ್ಟು ಒಪ್ಪಿಸಬೇಕು. "ಇವನು ನಿಮ್ಮ ಜೊತೆ" ಎಂದರೆ "ಆಯ್ತು, ನಮ್ಮ ಜೊತೆ" ಎಂದು ಉತ್ತರ ಬರಬೇಕು. ಸನ್ನೆ ಸಾಲದು. ನಾವು ಕಳೆದುಕೊಂಡದ್ದು ಆ ಸನ್ನೆಯಲ್ಲಿ.

ನೋಡುವ ದಿನ, ತೆಗೆಯುವ ದಿನ

ಆ ಸಂಜೆಯ ನಂತರ ದುಡ್ಡಿನ ಮಾತೂ ಬಂತು. ನೆಲದ ಮೇಲೆ ಕೂತು ಮಗನನ್ನು ತಬ್ಬಿಕೊಂಡವರಿಗೆ ಗೊಂಬೆ ಕೊಡಿಸದಿದ್ದರೆ ಮಕ್ಕಳು ದೂರವಾಗುತ್ತಾರೆ ಎಂಬ ಹೆದರಿಕೆ ಕಡಿಮೆಯಾಗಿತ್ತೋ ಏನೋ, ಅವರೇ ಮಾತು ತೆಗೆದರು.

ತಿಂಗಳಲ್ಲಿ ಒಂದು ದಿನ ಮಾತ್ರ ತೆಗೆಯುವ ದಿನ. ಉಳಿದದ್ದೆಲ್ಲ ನೋಡುವ ದಿನ. ಇದನ್ನು ಮನೆಯಿಂದ ಹೊರಡುವ ಮೊದಲೇ ಮಕ್ಕಳಿಗೆ ಹೇಳಬೇಕು, ಅಂಗಡಿಯ ಎದುರು ನಿಂತು ಹೇಳಿದರೆ ಅಳು ಗ್ಯಾರಂಟಿ. ಬೇಕೆನಿಸಿದ್ದನ್ನು ಮಗ ಒಂದು ಪುಸ್ತಕದಲ್ಲಿ ಬೆಲೆ ಸಮೇತ ಬರೆದಿಡುತ್ತಾನೆ. ಯುಎಇಯಲ್ಲಿ 2018ರ ಜನವರಿಯಿಂದ ಶೇ. 5ರ ವ್ಯಾಟ್ ಉಂಟು, ಆದರೆ ಚೀಟಿಯಲ್ಲಿ ಕಾಣುವ ಬೆಲೆಯಲ್ಲೇ ಅದು ಸೇರಿರುತ್ತದೆ. ಹಾಗಾಗಿ ಮಕ್ಕಳಿಗೂ ಲೆಕ್ಕ ಸಿಗುತ್ತದೆ. ತಿಂಗಳ ಕೊನೆಗೆ ಪುಸ್ತಕ ತೆಗೆದರೆ ಅರ್ಧಕ್ಕರ್ಧ ಅವನೇ ಹೊಡೆದು ಹಾಕುತ್ತಾನೆ. ಮಗಳಿಗೆ ಬರೆಯಲು ಬಾರದು, ಅವಳು ಚಿತ್ರ ಬಿಡಿಸುತ್ತಾಳೆ.

ಹೊರಡುವ ಮೊದಲು ಮನೆಯಲ್ಲೇ ಹೊಟ್ಟೆ ತುಂಬ ತಿನ್ನಿಸುತ್ತೇವೆ. ಒರೊಟ್ಟಿ, ಕೋಳಿ ಸಾರು ತಿಂದು ಹೋದ ಮಗು ಫುಡ್‌ಕೋರ್ಟ್ ಕಡೆ ತಿರುಗಿ ನೋಡುವುದಿಲ್ಲ. ನೀರಿನ ಬಾಟಲಿ ಬ್ಯಾಗ್‌ನಲ್ಲೇ. ಒಂದು ತೆಳು ಶಾಲು ಕೂಡ, ಯಾಕೆಂದರೆ ಹೊರಗೆ ಬೆಂಕಿ, ಒಳಗೆ ಎಸಿಯ ಚಳಿಗೆ ಮಕ್ಕಳಿಗೆ ನೆಗಡಿ. ರೂಪಾಯಿಗೆ ತಿರುಗಿಸುವುದನ್ನು ಬಿಟ್ಟಿಲ್ಲ. ಬಿಟ್ಟರೆ ನಾವು ಇಲ್ಲಿಗೆ ಯಾಕೆ ಬಂದದ್ದು ಎಂಬುದು ಮರೆತುಹೋಗುತ್ತದೆ.

ದುಬೈ ಮಾಲ್‌ನಲ್ಲಿ ತಿಳಿದ ಒಂದು ವಿಷಯ

ಊರಿನವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಪರಿಚಯದವರ ಕಾರಿನಲ್ಲಿ ಸ್ಟೇಡಿಯಂ ಮೆಟ್ರೋ ನಿಲ್ದಾಣ, ಹಸಿರು ಲೈನ್‌ನಲ್ಲಿ ಯೂನಿಯನ್, ಅಲ್ಲಿ ಕೆಂಪು ಲೈನ್‌ಗೆ ಬದಲಾಯಿಸಿ ಬುರ್ಜ್ ಖಲೀಫಾ-ದುಬೈ ಮಾಲ್ ನಿಲ್ದಾಣ. ಸಿಲ್ವರ್ ಕಾರ್ಡ್‌ನಲ್ಲಿ ಒಂದು ಪ್ರಯಾಣಕ್ಕೆ ದೂರ ನೋಡಿ 3, 5 ಅಥವಾ 7.50 ದಿರ್ಹಂ. ಐದು ವರ್ಷಕ್ಕಿಂತ ಸಣ್ಣವರಿಗೆ ದುಡ್ಡಿಲ್ಲ. ಹೆಂಗಸರಿಗೂ ಮಕ್ಕಳಿಗೂ ಬೇರೆಯೇ ಬೋಗಿ ಉಂಟು. ಒಳಗೆ ಏನೂ ತಿನ್ನುವ ಹಾಗಿಲ್ಲ, ನೀರು ಕೂಡ ಕುಡಿಯುವ ಹಾಗಿಲ್ಲ, ಸಿಕ್ಕಿಬಿದ್ದರೆ 100 ದಿರ್ಹಂ ದಂಡ. ನಿಲ್ದಾಣದಿಂದ ಮಾಲ್‌ಗೆ ಎಸಿ ಇರುವ ಗಾಜಿನ ಸೇತುವೆಯಲ್ಲಿ 800 ಮೀಟರ್ ದಾಟಿ ನಡೆಯಬೇಕು. ತಾನಾಗಿ ಮುಂದೆ ಹೋಗುವ ದಾರಿಗಳಿದ್ದರೂ ಸಣ್ಣ ಮಕ್ಕಳು ಅಲ್ಲೇ ಸುಸ್ತು.

ಸಾವಿರಕ್ಕಿಂತ ಹೆಚ್ಚು ಅಂಗಡಿಯ ಆ ಮಾಲ್‌ನಲ್ಲಿ ನಮ್ಮವರು ಒಂದು ಕಡೆಯೂ ಬೋರ್ಡ್ ನೋಡಲಿಲ್ಲ. ನೇರ ಮೀನಿನ ಟ್ಯಾಂಕ್‌ನ ಎದುರು ಕರೆದುಕೊಂಡು ಹೋಗಿ, ಜನ ನುಗ್ಗುವ ನಡುಭಾಗ ಬಿಟ್ಟು ಒಂದು ಬದಿಯಲ್ಲಿ ಮಕ್ಕಳನ್ನು ನಿಲ್ಲಿಸಿದರು. ಒಂದು ಕೋಟಿ ಲೀಟರ್ ನೀರಿನ ಟ್ಯಾಂಕ್ ಅದು. ಒಳಗಿನ ಸುರಂಗಕ್ಕೆ ಟಿಕೆಟ್, ಹೊರಗಿನ ಗಾಜಿನಿಂದ ನೋಡಲು ಪುಕ್ಕಟೆ. "ಇಲ್ಲಿ ನಿಂತ್ರೆ ತೊರಕೆ ತಿರುಗುವಾಗ ಅದರ ಹೊಟ್ಟೆ ಕಾಣ್ತದೆ," ಎಂದರು. ಹಾಗೇ ಆಯಿತು. "ಉಪ್ಪಾ, ತೊರಕೆ!" ಎಂದು ಮಗ ಕೂಗಿದ. ಮಗಳು ಗಾಜಿಗೆ ಮೂಗು ಒತ್ತಿ, "ಕಿಲೋಗೆ ಎಷ್ಟು?" ಎಂದು ಕೇಳಿದಳು. ಊರಲ್ಲಿ ಹಾರ್ನ್ ಹೊಡೆದುಕೊಂಡು ಬರುವ ಮೀನಿನವರನ್ನು ನೋಡಿ ಬೆಳೆದವಳಲ್ಲವೇ.

ಅಲ್ಲಿಂದ ಕೆಳಕ್ಕೆ ಜಿಗಿಯುವ ಮನುಷ್ಯರ ಮೂರ್ತಿಗಳಿರುವ ಜಲಪಾತ. ಅದನ್ನು ಕೆಳಗಿನಿಂದಲ್ಲ, ಮೇಲಿನ ಮಹಡಿಯಿಂದ ನೋಡಬೇಕೆಂದರು. ಮತ್ತೆ ಮಗ್ರಿಬ್ ಮುಗಿಸಿ, ಕಾರಂಜಿಗೆ ಯಾವ ಬಾಗಿಲಿನಿಂದ ಹೋದರೆ ಮಕ್ಕಳಿಗೆ ಮುಂದೆ ಜಾಗ ಸಿಗುತ್ತದೆ ಎಂಬುದೂ ಅವರಿಗೆ ಗೊತ್ತು.

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆವು.

828 ಮೀಟರ್‌ನ ಬುರ್ಜ್ ಖಲೀಫಾದ ಕೆಳಗೆ, ಕಾರಂಜಿ ಶುರುವಾಗುವುದನ್ನು ಕಾಯುತ್ತಾ ಅವರು ಹೇಳಿದರು. ಆಗ ವಾರದ ರಜೆ ಶುಕ್ರವಾರ. ರೂಮಿನಲ್ಲಿ ಎಂಟು ಜನ, ಮಲಗಿದರೆ ನಿದ್ದೆ ಬರುವುದಿಲ್ಲ. ಜುಮಾ ಮುಗಿಸಿ, ಊಟ ಮಾಡಿ, ಮೆಟ್ರೋದಲ್ಲಿ ಇಲ್ಲಿಗೆ ಬರುತ್ತಿದ್ದರು. ಒಂದು ಚಹಾ ಕೂಡ ಕುಡಿಯುತ್ತಿರಲಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡಸರನ್ನು ನೋಡುತ್ತಾ ಸುತ್ತುವುದು. ಮಗು ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ, ಎಲ್ಲಿ ನೂಕುನುಗ್ಗಲಿಲ್ಲ, ಟಾಯ್ಲೆಟ್ ಎಲ್ಲಿ ಹತ್ತಿರ ಎಂದು ನೋಡಿಟ್ಟುಕೊಳ್ಳುವುದು. "ನೀವು ಬಂದ್ರೆ ಬೇಕಾಗ್ತದಲ್ಲ," ಎಂದರು. 2022ರಲ್ಲಿ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ ಭಾನುವಾರ ಬರುತ್ತಿದ್ದರಂತೆ.

ಇಷ್ಟು ವರ್ಷ ಅವರು ಊರಿಗೆ ಕಳಿಸಿದ್ದ ದುಡ್ಡಿನ ಲೆಕ್ಕ ನಮಗೆ ಗೊತ್ತಿತ್ತು. ಈ ಲೆಕ್ಕ ಗೊತ್ತಿರಲಿಲ್ಲ. ಮೊದಲ ಸಂಜೆ 340 ದಿರ್ಹಂ ಖರ್ಚು ಮಾಡಿ ಅವರು ಏನನ್ನು ತುಂಬಿಸಲು ನೋಡಿದ್ದರೋ, ಅದು ಒಂದು ದಿರ್ಹಂ ಕೊಡದೆ ಈ ಸಂಜೆ ತುಂಬಿತು. ಮಗಳು ಅವರ ಹೆಗಲ ಮೇಲೆ ಕೂತು ಕಾರಂಜಿ ನೋಡಿದಳು. ವಾಪಸ್ ಮೆಟ್ರೋದಲ್ಲಿ ಹೆಂಗಸರ ಬೋಗಿಗೆ ಬರಲು ಒಪ್ಪಲಿಲ್ಲ, ಉಪ್ಪನ ಜೊತೆಯೇ ಹೋದಳು.

ಇಬ್ನ್ ಬತೂತ ಮತ್ತು ನಮ್ಮ ಮಂಗಳೂರು

ಮಕ್ಕಳಿಗೆ ನೋಡಿ ಕಲಿಯಲು ಏನಾದರೂ ಸಿಗುವ ಮಾಲ್ ಬೇಕೆಂದರೆ ಕೆಂಪು ಲೈನ್‌ನಲ್ಲಿ ಇನ್ನೂ ಮುಂದೆ ಇಬ್ನ್ ಬತೂತ ಮಾಲ್ ಇದೆ. 2005ರಲ್ಲಿ ಆದದ್ದು. ಮೊರೊಕ್ಕೊದಿಂದ ಹೊರಟು ಚೀನಾದವರೆಗೆ ಹೋದ ಆ ಯಾತ್ರಿಕನ ದಾರಿಯ ಹಾಗೆ ಅಂದಲೂಸಿಯಾ, ಟ್ಯುನೀಷಿಯಾ, ಈಜಿಪ್ಟ್, ಪರ್ಷಿಯಾ, ಭಾರತ, ಚೀನಾ ಎಂದು ಆರು ಭಾಗ. ಭಾರತದ ಭಾಗದಲ್ಲಿ ಆನೆಯ ಮೇಲೆ ಕಟ್ಟಿದ ದೊಡ್ಡ ಗಡಿಯಾರ ಇದೆ, 800 ವರ್ಷ ಹಿಂದೆ ಅಲ್ ಜಝರಿ ಎಂಬ ಮುಸ್ಲಿಂ ಎಂಜಿನಿಯರ್ ತನ್ನ ಪುಸ್ತಕದಲ್ಲಿ ವಿವರಿಸಿದ್ದ ಗಡಿಯಾರದ ಮಾದರಿ.

ಮಗನಿಗೆ ಅಲ್ಲಿ ನಾವು ಹೇಳಿದ್ದು ಇನ್ನೊಂದು ವಿಷಯ. ಈ ಇಬ್ನ್ ಬತೂತ 14ನೇ ಶತಮಾನದಲ್ಲಿ ನಮ್ಮ ಕರಾವಳಿಗೂ ಬಂದಿದ್ದ. ಮಂಗಳೂರನ್ನು ಮಂಜರೂರ್ ಎಂದು ಬರೆದಿದ್ದಾನೆ, ಅಲ್ಲಿ ಸುಮಾರು 4000 ಮುಸ್ಲಿಮರು ಇದ್ದರೆಂದೂ ಬರೆದಿದ್ದಾನೆ. ಮಗ ಸ್ವಲ್ಪ ಯೋಚಿಸಿ, "ಹಾಗಾದ್ರೆ ಅವನು ನಮ್ಮೂರಿಗೆ ಬಂದ, ನಾವು ಅವನ ಮಾಲ್‌ಗೆ ಬಂದದ್ದು," ಎಂದ. ಹೊಸ ಶಾಲೆಯಲ್ಲಿ ತನ್ನ ಊರಿನ ಹೆಸರು ಹೇಳಲು ನಾಚುತ್ತಿದ್ದ ಹುಡುಗ ಮರುದಿನ ಟೀಚರ್‌ಗೆ ಇದನ್ನು ಹೇಳಿದ್ದಾನೆ.

ಗಾಜಿನ ಆಚೆ

ಮಾಲ್‌ನ ಗಾಜಿನ ಆಚೆಗೂ ಮಕ್ಕಳು ನೋಡಬೇಕು. ಒಂದು ದಿನ ಮಧ್ಯಾಹ್ನ ಹೋದಾಗ ಹೊರಗೆ ಅರ್ಧ ಕಟ್ಟಿದ ಕಟ್ಟಡದ ನೆರಳಲ್ಲಿ ಕೆಲಸಗಾರರು ಸಾಲಾಗಿ ಮಲಗಿದ್ದರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನು. "ಅವರ ಮಕ್ಕಳು ಎಲ್ಲಿ?" ಎಂದು ಮಗಳು ಕೇಳಿದಳು. "ಊರಲ್ಲಿ," ಎಂದರು ಅವಳ ಉಪ್ಪ. ಅವಳು ಮತ್ತೆ ಏನೂ ಕೇಳಲಿಲ್ಲ. ಈಗ ನೆಲ ಒರೆಸುವವರನ್ನು, ಟ್ರಾಲಿ ತಳ್ಳುವವರನ್ನು ಕಂಡರೆ ಮಗ ತಾನಾಗಿಯೇ ಸಲಾಂ ಹೇಳುತ್ತಾನೆ. ಅವನನ್ನು ಹುಡುಕಿಕೊಟ್ಟದ್ದು ಅಂಥವರೇ ಎಂದು ಅವನಿಗೆ ನೆನಪಿದೆ.

ಕುಟುಂಬವನ್ನು ಕರೆಸಿಕೊಳ್ಳುವ ಸಹೋದರರಿಗೆ ಒಂದು ಮಾತು. ಬಿಟ್ಟುಹೋದ ವರ್ಷಗಳನ್ನು ಅಂಗಡಿಯಲ್ಲಿ ತೀರಿಸಲು ಹೊರಡಬೇಡಿ, ಆ ಸಾಲ ಅಲ್ಲಿ ತೀರುವುದಿಲ್ಲ. ನೀವು ಒಬ್ಬರೇ ಸುತ್ತಿದ ಜಾಗಗಳನ್ನು ಮಕ್ಕಳಿಗೆ ತೋರಿಸಿ. ಹೊರಡಲಿರುವ ಸಹೋದರಿಯರೇ, ಸೂಟ್‌ಕೇಸ್‌ನಲ್ಲಿ ಉಪ್ಪಿನಕಾಯಿ, ಕುಚ್ಚಲಕ್ಕಿ ತುಂಬಿಸುವ ಮೊದಲು ಮಕ್ಕಳ ಬಾಯಿಗೆ ಆ ಹತ್ತು ಅಂಕಿ ತುಂಬಿಸಿ.

ನಮ್ಮ ಅತ್ತೆ ಈಗಲೂ ದಿನಾ ರಾತ್ರಿ ಮೊಮ್ಮಗನ ಹತ್ತಿರ ಮಾತಾಡುತ್ತಾರೆ. ಮೊನ್ನೆ ಕೇಳುತ್ತಿದ್ದರು: "ಅಲ್ಲಿ ಆಡ್ಲಿಕ್ಕೆ ಅಂಗಳ ಉಂಟಾ ಮೋನೇ?" ಅವನು ಹೇಳಿದ: "ಉಂಟು. ಆದ್ರೆ ಚಪ್ಪಲಿ ಹಾಕಿಯೇ ಹೋಗ್ಬೇಕು." ಅವರು ನಕ್ಕರು. ಮತ್ತೆ ದಿನಾ ಕೇಳುವ ಹಾಗೆ ಅವನ ಉಪ್ಪನ ನಂಬರ್ ಕೇಳಿದರು. ಹತ್ತು ಅಂಕಿಯನ್ನೂ ಅವನು ಸರಿಯಾಗಿ ಹೇಳಿದ ಮೇಲೆಯೇ ಫೋನ್ ಇಟ್ಟರು.